ವೃಷ್ಯ ಮತ್ತು ರಸಾಯನ: ಜೈನ ವೈದ್ಯಪರಂಪರೆಯ ಒಂದು ಪ್ರಕರಣ

ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ತಮ್ಮ ಸಂಸ್ಕೃತ ವೈದ್ಯಗ್ರಂಥದಲ್ಲಿ ತಮಗಿಂತ ಹಿಂದಿನ ಜೈನ ವೈದ್ಯಾಚಾರ್ಯರನ್ನು ಒಂದೆಡೆ ಸ್ಮರಿಸಿದ್ದಾರೆ. ಕಣ್ಣು, ಕಿವಿ, ಮೂಗು ಮೊದಲಾದವುಗಳ ಚಿಕಿತ್ಸೆಯಾದ ಶಾಲಾಕ್ಯವನ್ನು ಪೂಜ್ಯಪಾದರೂ, ಶಲ್ಯತಂತ್ರವನ್ನು ಪಾತ್ರಸ್ವಾಮಿಗಳೂ, ವಿಷ ಹಾಗೂ ಉಗ್ರಗ್ರಹಗಳ ಶಮನವಿಧಿಯನ್ನು ಸಿದ್ಧಸೇನರೂ, ಕಾಯಚಿಕಿತ್ಸೆಯನ್ನು ದಶರಥಗುರುಗಳೂ, ಶಿಶುವೈದ್ಯವನ್ನು ಮೇಘನಾದರೂ ನಿರೂಪಿಸಿದರೆಂದು ಹೇಳಿ, ಕೊನೆಯಲ್ಲಿ ವೃಷ್ಯ ಮತ್ತು ದಿವ್ಯಾಮೃತ ಎಂಬ ಎರಡು ಅಂಗಗಳನ್ನು ಸಿಂಹನಾದ ಮುನೀಂದ್ರರ ಹೆಸರಿಗೆ ಸಲ್ಲಿಸಿದ್ದಾರೆ. ವೃಷ್ಯವೆಂದರೆ ವಾಜೀಕರಣ, ಪುರುಷನ ಬೀಜಶಕ್ತಿಯನ್ನು ಕಾಪಾಡಿ ಅವನನ್ನು ಸಂತಾನಕ್ಕೆ ಯೋಗ್ಯನನ್ನಾಗಿ ಮಾಡುವ ಶಾಸ್ತ್ರ. ದಿವ್ಯಾಮೃತವೆಂದರೆ ರಸಾಯನ; ರೋಗ ಬಾರದಂತೆ ದೇಹಬಲವನ್ನು ನಿಲ್ಲಿಸಿ ಮುಪ್ಪನ್ನು ಮುಂದೂಡುವ ಶಾಸ್ತ್ರ. ಈ ಎರಡನ್ನೂ ಒಬ್ಬರೇ ಮುನಿಗಳು ಹೇಳಿದರೆಂಬ ಮಾತನ್ನು ಓದಿ ಸುಮ್ಮನೆ ಮುಂದೆ ಸಾಗುವಂತಿಲ್ಲ.

ಏಕೆಂದರೆ ‘ವೃಷ್ಯ’ವೆಂಬ ಇದೇ ಶಬ್ದ ಜೈನಾಗಮದ ಓದುಗರಿಗೆ ಬೇರೊಂದು ಸ್ಥಾನದಿಂದ ಪರಿಚಿತವಾದುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬ್ರಹ್ಮಚರ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಾಗ, ತ್ಯಜಿಸಬೇಕಾದವುಗಳಲ್ಲಿ ವೃಷ್ಯವಾದ ಇಷ್ಟರಸವೂ ಒಂದೆಂದು ಎಣಿಸಲಾಗಿದೆ. ಕಾಮವನ್ನು ಕೆರಳಿಸುವ, ಧಾತುವನ್ನು ಉಬ್ಬಿಸುವ ಆಹಾರ ವ್ರತಿಗೆ ವರ್ಜ್ಯ. ಈ ಸೂತ್ರಗಳಿಗೆ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನವನ್ನು ಬರೆದವರು ಪೂಜ್ಯಪಾದರು. ಅವರೇ ಜೈನ ವೈದ್ಯಪರಂಪರೆಯ ಹಿರಿಯ ಗುರುಗಳೆಂದೂ ಪೂಜಿತರು. ಅವರ ವಚನಗಳು ದೇಹ, ವಾಕ್ಕು, ಚಿತ್ತ ಈ ಮೂರರ ಕಲಂಕವನ್ನೂ ತೊಳೆದುವೆಂದು ಶುಭಚಂದ್ರಾಚಾರ್ಯರು ‘ಜ್ಞಾನಾರ್ಣವ’ದಲ್ಲಿ ನಮಿಸಿದ್ದಾರೆ. ಹೀಗೆ ಒಂದೇ ಪರಂಪರೆಯು ವೃಷ್ಯವನ್ನು ಬಿಡು ಎಂದೂ ಹೇಳಿದೆ, ವೃಷ್ಯವನ್ನು ಹೀಗೆ ಸಿದ್ಧಪಡಿಸು ಎಂದೂ ಹೇಳಿದೆ.

ಮುನಿಧರ್ಮದ ಕಟ್ಟು ಇನ್ನೂ ಬಿಗಿಯಾದುದು. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಮುನಿಗಳ ಆಹಾರಶುದ್ಧಿಯನ್ನು ವಿವರಿಸುವಾಗ ಹದಿನಾರು ಉತ್ಪಾದನ ದೋಷಗಳನ್ನು ಎಣಿಸುತ್ತದೆ, ಅವುಗಳಲ್ಲಿ ‘ಚಿಕಿತ್ಸೆ’ಯೂ ಒಂದು. ಗೃಹಸ್ಥನಿಗೆ ಮದ್ದು ಹೇಳಿ ಅದರ ಪ್ರತಿಫಲವಾಗಿ ಆಹಾರ ಪಡೆಯುವುದು ದೋಷ. ಹಾಗಿದ್ದರೂ ವೈದ್ಯಗ್ರಂಥಗಳನ್ನು ಬರೆದವರಲ್ಲಿ ಮುನಿಗಳೇ ಅಗ್ರಗಣ್ಯರು. ಇಲ್ಲಿ ವಿರೋಧವೇನೂ ಇಲ್ಲ. ಶಾಸ್ತ್ರ ರಚಿಸುವುದು ಬೇರೆ, ಚಿಕಿತ್ಸೆಯಿಂದ ಜೀವಿಸುವುದು ಬೇರೆ. ಹನ್ನೆರಡನೆಯ ಅಂಗವಾದ ದೃಷ್ಟಿವಾದದಲ್ಲಿ ಅಡಕವಾದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವೇ ಆಯುರ್ವೇದದ ಮೂಲವೆಂಬುದು ಜೈನರ ನಂಬುಗೆ. ಆದಕಾರಣ ಅದನ್ನು ಉಳಿಸುವುದು ಶ್ರುತವನ್ನು ಉಳಿಸುವ ಕಾರ್ಯವೇ ಆಯಿತು. ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ಔಷಧದಾನ ಶ್ರಾವಕನ ಪಾಲಿನದು. ಮುನಿ ಬರೆದ ಗ್ರಂಥ ಶ್ರಾವಕನಾದ ವೈದ್ಯನ ಕೈಗೆ ಬಂದಿತು.

ವೃಷ್ಯವೂ ಶ್ರಾವಕನಿಗಾಗಿಯೇ. ಗೃಹಸ್ಥನ ಬ್ರಹ್ಮಚರ್ಯಾಣುವ್ರತವೆಂದರೆ ಸ್ವದಾರಸಂತೋಷ. ತನ್ನ ಪತ್ನಿಯಲ್ಲಿ ತೃಪ್ತನಾಗಿರುವುದು. ಅದರ ಅತಿಚಾರಗಳಲ್ಲಿ ಕಾಮತೀವ್ರಾಭಿನಿವೇಶವೂ ಸೇರಿದೆ ಎಂಬುದನ್ನು ಮರೆಯಲಾಗದು. ಅಂದರೆ ಸಂತಾನಾರ್ಥವಾದ ಬಲವರ್ಧನೆಗೆ ಎಡೆಯಿದೆ, ಭೋಗದ ಉನ್ಮಾದಕ್ಕೆ ಎಡೆಯಿಲ್ಲ. ಇಂದಿನ ಪೇಟೆಗಳ ಗೋಡೆಗಳ ಮೇಲೆ ಅಂಟಿಸುವ ‘ಪೌರುಷ’ದ ಜಾಹೀರಾತುಗಳಿಗೂ ಸಿಂಹನಾದರ ವೃಷ್ಯಕ್ಕೂ ಇರುವ ಅಂತರ ಈ ಒಂದು ಅತಿಚಾರದಷ್ಟು ದೊಡ್ಡದು.

ಬೀಜಶಕ್ತಿಯನ್ನೂ ರೋಗನಿರೋಧವನ್ನೂ ಒಟ್ಟಿಗೆ ಎಣಿಸುವುದು ಜೈನಾಚಾರ್ಯರ ಕಲ್ಪನೆ ಮಾತ್ರವಲ್ಲ. ಅದು ಆಯುರ್ವೇದದ ಸಾಮಾನ್ಯ ಸಿದ್ಧಾಂತ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಆರಂಭದಲ್ಲಿ ಔಷಧವನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ: ರೋಗಿಯ ರೋಗವನ್ನು ಕಳೆಯುವುದು ಒಂದು, ಸ್ವಸ್ಥನಿಗೆ ಊರ್ಜೆಯನ್ನು ತುಂಬುವುದು ಇನ್ನೊಂದು. ಈ ಎರಡನೆಯ ಬಗೆಯೇ ರಸಾಯನ ಮತ್ತು ವಾಜೀಕರಣ. ಮೊದಲ ಅಧ್ಯಾಯ ರಸಾಯನಕ್ಕೆ, ಎರಡನೆಯದು ವಾಜೀಕರಣಕ್ಕೆ ಮೀಸಲು. ಉಂಡ ಅನ್ನವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆಗಳಾಗಿ ಮಾಗಿ ಕೊನೆಗೆ ಶುಕ್ರವಾಗುತ್ತದೆ. ಎಲ್ಲ ಧಾತುಗಳ ಸಾರವಾಗಿ ಓಜಸ್ಸು ಉಳಿಯುತ್ತದೆ. ಆ ಓಜಸ್ಸೇ ದೇಹದ ಬಲ. ರೋಗವನ್ನು ತಾಳಿಕೊಳ್ಳುವ ಶಕ್ತಿಗೆ, ಅಂದರೆ ವ್ಯಾಧಿಕ್ಷಮತ್ವಕ್ಕೆ, ಅದೇ ಆಧಾರ. ಶುಕ್ರ ಕ್ಷೀಣಿಸಿದವನ ಓಜಸ್ಸೂ ಕುಗ್ಗುತ್ತದೆಂಬ ಈ ಎಣಿಕೆಯಿಂದ, ಒಂದಕ್ಕೆ ಹೇಳಿದ ಮೂಲಿಕೆ ಇನ್ನೊಂದಕ್ಕೂ ಸಲ್ಲುವುದು ಸಹಜವಾಯಿತು.

ಸಂತಾನಹೀನತೆಯ ವಿಷಯದಲ್ಲಿ ಹಳೆಯ ವೈದ್ಯಶಾಸ್ತ್ರವು ಲೋಕರೂಢಿಗಿಂತ ಹೆಚ್ಚು ನ್ಯಾಯಪರವಾಗಿತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಮಕ್ಕಳಾಗದ ಮನೆಗಳಲ್ಲಿ ಬಂಜೆಯೆಂಬ ಹೆಸರು ಬಿದ್ದುದು ಹೆಂಗಸಿನ ಮೇಲೆ. ಹರಕೆ ಹೊತ್ತವಳು ಅವಳು, ಉಪವಾಸ ಮಾಡಿದವಳು ಅವಳು, ಸವತಿಯನ್ನು ಕಂಡವಳೂ ಅವಳೇ. ಆದರೆ ಸುಶ್ರುತಸಂಹಿತೆ ಪುರುಷನ ರೇತಸ್ಸಿನ ದೋಷಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ಕ್ಲೈಬ್ಯವನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಮನಸ್ಸಿಗೆ ಒಪ್ಪದ ಸಂಗದಿಂದ ಬಂದುದು, ಖಾರ ಹುಳಿ ಉಪ್ಪುಗಳ ಅತಿಸೇವನೆಯಿಂದ ಧಾತು ಬತ್ತಿ ಬಂದುದು, ಅತಿಭೋಗದಿಂದ ಬಂದುದು, ಅಂಗದ ರೋಗದಿಂದ ಅಥವಾ ಮರ್ಮಕ್ಕೆ ಪೆಟ್ಟಾಗಿ ಬಂದುದು, ಹುಟ್ಟಿನಿಂದಲೇ ಬಂದುದು, ಕ್ಷುಬ್ಧವಾದ ಮನಸ್ಸನ್ನು ಬಲಾತ್ಕಾರವಾಗಿ ತಡೆದುದರಿಂದ ಬಂದುದು. ಇವುಗಳಲ್ಲಿ ಸಹಜವಾದುದೂ ಮರ್ಮಚ್ಛೇದದಿಂದಾದುದೂ ಅಸಾಧ್ಯವೆಂದು ಸುಶ್ರುತನು ನೇರವಾಗಿ ಹೇಳುತ್ತಾನೆ. ಯಾವ ಬೇರು ಯಾವ ಎಲೆಯೂ ಅಲ್ಲಿ ನಡೆಯದು. ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ದೋಷವೂ ಪಾಲುಗೊಂಡಿರುತ್ತದೆಂದು ಇಂದಿನ ವೈದ್ಯರು ಹೇಳುವಾಗ, ಅದು ಹಳೆಯ ಗ್ರಂಥಗಳಿಗೆ ಅಪರಿಚಿತವಾದ ಮಾತಲ್ಲ. ಗ್ರಂಥ ಓದದವರಿಗೆ ಮಾತ್ರ ಅಪರಿಚಿತ.

ಆದರೆ ಈ ವಾಜೀಕರಣ ಪ್ರಕರಣವನ್ನು ಜೈನ ವೈದ್ಯನು ಇದ್ದಂತೆಯೇ ಎತ್ತಿಕೊಳ್ಳುವಂತಿರಲಿಲ್ಲ. ಚರಕನು ವೃಷ್ಯಗಳಲ್ಲಿ ಶ್ರೇಷ್ಠವೆಂದು ಹೆಸರಿಸುವುದು ಮೊಸಳೆಯ ರೇತಸ್ಸನ್ನು. ಅವನ ಯೋಗಗಳಲ್ಲಿ ಗುಬ್ಬಿ, ಕೋಳಿ, ನವಿಲುಗಳ ಮಾಂಸ, ಹಕ್ಕಿಗಳ ಮೊಟ್ಟೆ ಇವು ಮತ್ತೆ ಮತ್ತೆ ಬರುತ್ತವೆ. ಸುಶ್ರುತನು ಹೋತದ ವೃಷಣವನ್ನು ಹಾಲಿನಲ್ಲಿ ಬೇಯಿಸಲು ಹೇಳುತ್ತಾನೆ. ಆಯುರ್ವೇದದ ಎಂಟು ಅಂಗಗಳಲ್ಲಿ ಪ್ರಾಣಿಹಿಂಸೆ ಇಷ್ಟು ನಿಸ್ಸಂಕೋಚವಾಗಿ ನುಗ್ಗಿದ ಅಂಗ ಬಹುಶಃ ಮತ್ತೊಂದಿಲ್ಲ. ಒಂದು ಜೀವ ಹುಟ್ಟಬೇಕೆಂದು ಹಲವು ಜೀವಗಳನ್ನು ಕೊಲ್ಲುವುದು ಸಲ್ಲುವುದೆ? ಅಹಿಂಸೆಯನ್ನು ಪರಮವ್ರತವಾಗಿ ಇಟ್ಟುಕೊಂಡ ಸಮಾಜಕ್ಕೆ ಇದು ತರ್ಕದ ಪ್ರಶ್ನೆಯಾಗಿರಲಿಲ್ಲ. ಮಕ್ಕಳಿಲ್ಲದ ಶ್ರಾವಕನು ವೈದ್ಯನ ಮನೆಯ ಬಾಗಿಲಿಗೆ ಬಂದಾಗಲೆಲ್ಲ ಎದುರಾಗುತ್ತಿದ್ದ ಪ್ರಶ್ನೆಯಾಗಿತ್ತು.

ಉಗ್ರಾದಿತ್ಯರು ಶ್ರೀನಂದಿ ಆಚಾರ್ಯರ ಶಿಷ್ಯರು. ತ್ರಿಕಲಿಂಗ ದೇಶದ ರಾಮಗಿರಿಯಲ್ಲಿ ಗ್ರಂಥವನ್ನು ರಚಿಸಿದವರು. ಗ್ರಂಥದ ಕೊನೆಗೆ ಅವರು ‘ಹಿತಾಹಿತಾಧ್ಯಾಯ’ವೆಂಬ ಪ್ರತ್ಯೇಕ ಪ್ರಕರಣವನ್ನು ಸೇರಿಸಿದ್ದಾರೆ. ನೃಪತುಂಗವಲ್ಲಭ ಮಹಾರಾಜಾಧಿರಾಜನ ಆಸ್ಥಾನದಲ್ಲಿ, ಹಲವು ವಿದ್ವಾಂಸರು ನೆರೆದ ಸಭೆಯಲ್ಲಿ, ಮಾಂಸವನ್ನು ಒಪ್ಪುವ ವೈದ್ಯರ ಎದುರಿನಲ್ಲಿ, ಔಷಧವಾಗಿ ಮಾಂಸವು ನಿಷ್ಫಲವೆಂದು ತಾವು ನಿರೂಪಿಸಿದುದಾಗಿ ಅವರು ಅಲ್ಲಿ ಹೇಳಿಕೊಂಡಿದ್ದಾರೆ. ಈ ನೃಪತುಂಗನು 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷನೇ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನದಲ್ಲಿಯೇ ಇಂಥ ವೈದ್ಯವಾದವೂ ನಡೆಯಿತೆಂಬುದು ಕನ್ನಡಿಗರು ಹೆಚ್ಚಾಗಿ ನೆನೆಯದ ಸಂಗತಿ.

ಈ ವಾದದಲ್ಲಿ ಗಮನಿಸಬೇಕಾದ ಶಬ್ದ ‘ನಿಷ್ಫಲ’. ಮಾಂಸ ಪಾಪವೆಂದಷ್ಟೇ ಹೇಳಿದ್ದರೆ ಅದು ಧರ್ಮೋಪದೇಶವಾಗುತ್ತಿತ್ತು. ವೈದ್ಯರ ಸಭೆ ಕೈಮುಗಿದು ತನ್ನ ದಾರಿ ಹಿಡಿಯುತ್ತಿತ್ತು. ಫಲವಿಲ್ಲವೆಂದು ಹೇಳಿದುದರಿಂದ ವಾದವು ವೈದ್ಯದ ನೆಲದ ಮೇಲೆಯೇ ನಿಂತಿತು. ಹಾಗೆ ಹೇಳಿದ ಮೇಲೆ ಮಾಂಸವಿಲ್ಲದೆ ಫಲ ತೋರಿಸುವ ಹೊಣೆಯೂ ಆಚಾರ್ಯರ ಮೇಲೆ ಬಿದ್ದಿತು. ಆ ಹೊಣೆಯನ್ನು ಹೊತ್ತದ್ದು ಮೂಲಿಕೆಗಳು.

ಮೂರು ಶತಮಾನಗಳ ಅನಂತರ, ಸುಮಾರು 1150ರ ವೇಳೆಗೆ, ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು. ಮದ್ಯಮಾಂಸಗಳ ಸೋಂಕಿಲ್ಲದ ಚಿಕಿತ್ಸೆಯನ್ನು ಹೇಳುವುದೇ ಈ ಗ್ರಂಥದ ವೈಶಿಷ್ಟ್ಯವೆಂದು ಸಾಹಿತ್ಯಚರಿತ್ರಕಾರರು ಗುರುತಿಸಿದ್ದಾರೆ. ಅದಕ್ಕೂ ಮೊದಲು, ಸುಮಾರು 1125ರಲ್ಲಿ, ಚಾಳುಕ್ಯ ರಾಜಪುತ್ರ ಕೀರ್ತಿವರ್ಮನು ‘ಗೋವೈದ್ಯ’ವನ್ನೂ, ಮುಂದೆ ಸುಮಾರು 1360ರಲ್ಲಿ ಮಂಗರಾಜನು ವಿಷಚಿಕಿತ್ಸೆಯ ‘ಖಗೇಂದ್ರಮಣಿದರ್ಪಣ’ವನ್ನೂ ಬರೆದರು. ದನಕರುಗಳ ಮದ್ದಿನಿಂದ ಹಾವಿನ ವಿಷದವರೆಗೆ ಕನ್ನಡದ ವೈದ್ಯಸಾಹಿತ್ಯದ ಅಡಿಗಲ್ಲು ಜೈನರದು.

ಮದ್ಯಮಾಂಸಗಳನ್ನು ಬಿಟ್ಟರೆ ಕೆಲಸ ಮುಗಿಯುತ್ತಿರಲಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅಷ್ಟಮೂಲಗುಣಗಳಲ್ಲಿ ಮದ್ಯಮಾಂಸಗಳೊಡನೆ ಮಧುವನ್ನೂ ತ್ಯಾಜ್ಯವೆಂದಿದೆ. ಆಯುರ್ವೇದದ ರಸಾಯನಗಳಲ್ಲಿ ಜೇನು ಬೇಡದ ಯೋಗ ಅಪರೂಪ. ಚರಕನ ಚ್ಯವನಪ್ರಾಶಕ್ಕೆ ಐನೂರು ನೆಲ್ಲಿಕಾಯಿಗಳ ಜೊತೆಗೆ ಆರು ಪಲ ಜೇನು ಬೀಳುತ್ತದೆ. ಜೈನ ವೈದ್ಯರು ಜೇನಿನ ಸ್ಥಾನದಲ್ಲಿ ಬೆಲ್ಲ, ಕಲ್ಲುಸಕ್ಕರೆಗಳನ್ನು ಅನುಪಾನವಾಗಿ ಬಳಸಿದರು. ತುಪ್ಪವೂ ಹಾಲೂ ಇದ್ದೇ ಇದ್ದವು. ಇಂದಿನ ಅಂಗಡಿಗಳಲ್ಲಿ ದೊರೆಯುವ ಚ್ಯವನಪ್ರಾಶದ ಡಬ್ಬಿಯನ್ನು ಕೊಳ್ಳುವ ಶ್ರಾವಕನು ಅದರ ಮೇಲಿನ ದ್ರವ್ಯಗಳ ಪಟ್ಟಿಯನ್ನು ಒಮ್ಮೆ ಓದುವುದು ಲೇಸು.

ಬೇರು ಗೆಡ್ಡೆಗಳ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಒಂದೇ ಶರೀರದಲ್ಲಿ ಅನಂತ ಜೀವಗಳಿರುವ ಸಾಧಾರಣ ವನಸ್ಪತಿಯ ವಿಚಾರವನ್ನು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ವಿಸ್ತರಿಸಿದ್ದಾರೆ. ವೃಷ್ಯದ ಹೆಸರಾಂತ ದ್ರವ್ಯಗಳಾದರೋ ಹೆಚ್ಚಿನವು ನೆಲದೊಳಗಿನವೇ: ಅಶ್ವಗಂಧದ ಬೇರು, ಆಷಾಢಿ ಬೇರೆಂದು ಕರೆಯುವ ಶತಾವರಿ, ವಿದಾರಿಯೆಂಬ ನೆಲಗುಂಬಳ. ಸಮಂತಭದ್ರರು ಅಲ್ಪಫಲಕ್ಕಾಗಿ ಬಹುಘಾತವಾಗುವ ವಸ್ತುಗಳನ್ನು ಹೇಳುವಾಗ ಶುಂಠಿಯನ್ನು ‘ಆರ್ದ್ರ’ವೆಂಬ ವಿಶೇಷಣದೊಡನೆ ಹೆಸರಿಸಿದ್ದಾರೆ, ಹಸಿಯಾದ ಶುಂಠಿ ಬೇಡ. ಒಣಗಿ ನಿರ್ಜೀವವಾದುದು, ಅಂದರೆ ಪ್ರಾಸುಕವಾದುದು, ಬೇರೆ ಮಾತು. ಹಸಿಶುಂಠಿಯನ್ನು ಮುಟ್ಟದ ಮನೆಗಳಲ್ಲಿಯೂ ಒಣಶುಂಠಿ, ಅರಿಶಿನಗಳಿರುವುದು ಈ ಕಾರಣದಿಂದಲೇ. ಅಶ್ವಗಂಧವು ಒಣಬೇರಿನ ಚೂರ್ಣವಾಗಿಯೇ ಬಳಕೆಯಲ್ಲಿರುವುದರಿಂದ ಶ್ರಾವಕನ ಮನೆಗೆ ಅದು ಬರಬಹುದಾಯಿತು. ಆದರೂ ಒಂದು ಬೇರನ್ನು ಕೀಳುವುದೆಂದರೆ ಒಂದು ಗಿಡವನ್ನೇ ಕೊಂದಂತೆ. ಹಣ್ಣು ಬೀಜಗಳಿಂದ ಆಗುವ ಕೆಲಸಕ್ಕೆ ಬೇರನ್ನು ಕೀಳದಿರುವುದು ಈ ಧರ್ಮದ ಒಲವಿಗೆ ಹೆಚ್ಚು ಹೊಂದುವುದು.

ಆ ದೃಷ್ಟಿಯಿಂದ ನೆಲ್ಲಿಗೆ ಪ್ರಥಮ ಸ್ಥಾನ. ವಯಸ್ಸನ್ನು ಸ್ಥಾಪಿಸುವ ದ್ರವ್ಯಗಳಲ್ಲಿ ನೆಲ್ಲಿಯೇ ಶ್ರೇಷ್ಠವೆಂದು ಚರಕನ ಮತ. ಸುಶ್ರುತನು ಅದನ್ನೇ ವೃಷ್ಯವಾಗಿಯೂ ಹೇಳುತ್ತಾನೆ. ನೆಲ್ಲಿಯ ಚೂರ್ಣಕ್ಕೆ ನೆಲ್ಲಿಯದೇ ರಸವನ್ನು ಮತ್ತೆ ಮತ್ತೆ ಹಾಕಿ ಅರೆದು ಒಣಗಿಸಬೇಕು. ಇದಕ್ಕೆ ಭಾವನೆ ಕೊಡುವುದೆಂದು ಹೆಸರು. ಹೀಗೆ ಮಾಡಿದಾಗ ಹಿಡಿಯಷ್ಟು ಪುಡಿಯಲ್ಲಿ ಮಣದಷ್ಟು ಕಾಯಿಯ ಸಾರ ಸೇರುತ್ತದೆ. ಇದನ್ನು ಸಕ್ಕರೆ ತುಪ್ಪಗಳೊಡನೆ ನೆಕ್ಕಿ ಮೇಲೆ ಹಾಲು ಕುಡಿಯುವುದು ಕ್ರಮ; ಸುಶ್ರುತನು ಸೇರಿಸುವ ಜೇನನ್ನು ಬಿಟ್ಟರೆ ಜೈನ ವೈದ್ಯನಿಗೆ ಇದರಲ್ಲಿ ತೆಗೆಯುವಂಥದು ಮತ್ತೇನೂ ಇಲ್ಲ. ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ‘ಸಿ’ ಜೀವಸತ್ವ ನೆಲ್ಲಿಯಲ್ಲಿದೆ. ವೀರ್ಯಾಣುವಿನ ಹೊದಿಕೆಯು ಆಮ್ಲಜನಕದ ಉಗ್ರಕಣಗಳ ದಾಳಿಗೆ ಬಹು ಬೇಗ ಕೆಡುವಂಥದೆಂದೂ, ಆ ದಾಳಿಯನ್ನು ತಡೆಯುವ ವಸ್ತುಗಳಲ್ಲಿ ಈ ಜೀವಸತ್ವವೂ ಒಂದೆಂದೂ ತಿಳಿದ ಮೇಲೆ, ಒಂದೇ ಕಾಯಿಯು ರಸಾಯನವೂ ವೃಷ್ಯವೂ ಆದುದರ ಅರ್ಥ ಕೊಂಚ ಸ್ಪಷ್ಟವಾಗುತ್ತದೆ.

ಬೀಜಗಳಲ್ಲಿ ಮುಖ್ಯವಾದುದು ನಸುಗುನ್ನಿ. ಬೇಲಿಯ ಮೇಲೆ ಹಬ್ಬುವ ಈ ಬಳ್ಳಿಯ ಕಾಯಿಯನ್ನು ಮುಟ್ಟಿದವರು ಅದನ್ನು ಮರೆಯಲಾರರು. ಮೈಯೆಲ್ಲ ತುರಿಸಿ ಉರಿಯೇಳುವುದು. ಕಪಿಯನ್ನೂ ತುರಿಸುವಂತೆ ಮಾಡುವುದರಿಂದ ಸಂಸ್ಕೃತದಲ್ಲಿ ಕಪಿಕಚ್ಛು. ತನ್ನನ್ನು ತಾನೇ ಕಾಯ್ದುಕೊಳ್ಳುವುದರಿಂದ ಸ್ವಯಂಗುಪ್ತಾ, ಆತ್ಮಗುಪ್ತಾ. ಇದರ ಬೀಜದ ಚೂರ್ಣವನ್ನು ಕೋಕಿಲಾಕ್ಷವೆಂಬ ಕೊಳವಳಿಕೆಯ ಬೀಜದೊಡನೆ, ಸಕ್ಕರೆ ಬೆರೆಸಿ, ಆಗತಾನೆ ಕರೆದ ಬೆಚ್ಚನೆಯ ಹಾಲಿನಲ್ಲಿ ಸೇವಿಸುವುದನ್ನು ಸುಶ್ರುತನು ಹೇಳಿದ್ದಾನೆ. ಬೀಜವನ್ನು ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಶೋಧಿಸಿದ ಮೇಲೆಯೇ ಪುಡಿ ಮಾಡುವುದು ವೈದ್ಯರ ಪದ್ಧತಿ. 1937ರಲ್ಲಿ ಮದರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿಯವರು ಈ ಬೀಜದಿಂದ ‘ಎಲ್-ಡೋಪ’ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು. ಮುಂದೆ ಕಂಪವಾತಕ್ಕೆ ಜಗತ್ತಿನಾದ್ಯಂತ ಕೊಡಲಾದ ಮದ್ದು ಇದೇ ವಸ್ತು. ಮೆದುಳಿನಲ್ಲಿ ಅದು ಡೋಪಮಿನ್ ಆಗಿ ಮಾರ್ಪಟ್ಟು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಾದ ಪುರುಷನಲ್ಲಿ ಬೀಜೋತ್ಪತ್ತಿ ಕುಗ್ಗುತ್ತದೆ. ಲಖನೌ ನಗರದ ವೈದ್ಯವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 75 ಮಂದಿ ಸಂತಾನಹೀನ ಪುರುಷರಿಗೆ ದಿನಕ್ಕೆ 5 ಗ್ರಾಂನಂತೆ ಮೂರು ತಿಂಗಳು ನಸುಗುನ್ನಿಯ ಚೂರ್ಣ ಕೊಟ್ಟಾಗ ಪ್ರೊಲ್ಯಾಕ್ಟಿನ್ ಇಳಿದು, ಟೆಸ್ಟೊಸ್ಟೆರಾನ್ ಏರಿ, ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಉತ್ತಮಗೊಂಡುವು. ಇಷ್ಟು ಬಲವಾದ ರಾಸಾಯನಿಕವುಳ್ಳ ಬೀಜವನ್ನು ಕಂಪವಾತಕ್ಕೋ ಮಾನಸಿಕ ವ್ಯಾಧಿಗೋ ಮದ್ದು ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ಸೇವಿಸುವುದು ಅಪಾಯವೆಂಬುದನ್ನೂ ಇದರೊಂದಿಗೆ ಹೇಳಬೇಕು.

ಅಶ್ವಗಂಧಕ್ಕೆ ಕನ್ನಡದಲ್ಲಿ ಹಿರೇಮದ್ದೆಂಬ ಹೆಸರೂ ಇದೆ. ಹಸಿಬೇರಿಗೆ ಕುದುರೆಯ ಮೈಯ ವಾಸನೆಯಿರುವುದರಿಂದ ಸಂಸ್ಕೃತದ ಹೆಸರು. ಮಧ್ಯಪ್ರದೇಶದ ಮಂದಸೌರ್, ನೀಮಚ್ ಸೀಮೆಗಳಲ್ಲಿ ಇದರ ಬೇಸಾಯ ಹೇರಳ. ಇದೇ ಲಖನೌ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ 75 ಮಂದಿಗೆ ದಿನಕ್ಕೆ 5 ಗ್ರಾಂ ಬೇರಿನ ಪುಡಿಯನ್ನು ಮೂರು ತಿಂಗಳು ಕೊಡಲಾಯಿತು. ಫಲ ಅನುಕೂಲವಾಗಿಯೇ ಇತ್ತು. ಆದರೆ ಈ ಎರಡು ಅಧ್ಯಯನಗಳಲ್ಲಿಯೂ ಹುಸಿಮದ್ದು ಪಡೆದ ಗುಂಪಿನೊಡನೆ ಹೋಲಿಕೆ ಇರಲಿಲ್ಲ. ಅಂಥ ಹೋಲಿಕೆ 2013ರಲ್ಲಿ ಪ್ರಕಟವಾಯಿತು: ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದ 46 ಪುರುಷರಲ್ಲಿ 21 ಮಂದಿಗೆ ದಿನಕ್ಕೆ 675 ಮಿಲಿಗ್ರಾಂ ಬೇರಿನ ಸತ್ವ, 25 ಮಂದಿಗೆ ಹುಸಿಮದ್ದು. 90 ದಿನಗಳ ಅನಂತರ ಮೊದಲ ಗುಂಪಿನಲ್ಲಿ ವೀರ್ಯಾಣುಗಳ ಸಂಖ್ಯೆ ಶೇಕಡ 167ರಷ್ಟು ಹೆಚ್ಚಿತ್ತು. ಅಂಕಿ ದೊಡ್ಡದು, ಜನ ಕೆಲವೇ ಮಂದಿ. ಇದನ್ನೇ ಹಿಡಿದು ಡಂಗುರ ಹೊಡೆಯುವುದು ಸಲ್ಲದು.

ಮೂರು ತಿಂಗಳೆಂಬ ಅವಧಿಗೆ ಕಾರಣವಿದೆ. ಒಂದು ವೀರ್ಯಾಣು ಬಲಿಯಲು ಸುಮಾರು 74 ದಿನಗಳು ಬೇಕು. ಹೊರಡಲು ಸಿದ್ಧವಾಗುವುದಕ್ಕೆ ಇನ್ನೂ ಕೆಲವು ದಿನ. ಅನ್ನರಸವು ಒಂದು ತಿಂಗಳಲ್ಲಿ ಶುಕ್ರವಾಗುವುದೆಂದು ಸುಶ್ರುತನು ಎಣಿಸಿದ್ದನು. ಲೆಕ್ಕ ತಪ್ಪಿರಬಹುದು, ಇಂದು ಸೇವಿಸಿದ ಮದ್ದು ನಾಳೆಯೇ ಫಲಿಸದೆಂಬ ತಿಳಿವು ಸರಿಯಾಗಿಯೇ ಇತ್ತು.

ಎಲ್ಲ ಮೂಲಿಕೆಗಳೂ ಪರೀಕ್ಷೆಯಲ್ಲಿ ಗೆದ್ದಿಲ್ಲ. ನೆಗ್ಗಿಲು ಮುಳ್ಳು ಮೂತ್ರರೋಗಕ್ಕೂ ವೃಷ್ಯಕ್ಕೂ ಹೆಸರಾದುದು. ಬಲ್ಗೇರಿಯ ದೇಶದಲ್ಲಿ 2005ರಲ್ಲಿ ಆರೋಗ್ಯವಂತರಾದ 21 ಯುವಕರ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಪುರುಷ ಹಾರ್ಮೋನು ಏರಲಿಲ್ಲ. ಶತಾವರಿ, ನೆಲಗುಂಬಳಗಳು ಪುಷ್ಟಿದಾಯಕಗಳೆಂದು ಉಳಿದುಕೊಂಡಿವೆ. ಇನ್ನು ಉದ್ದು. ಇದರ ಮಾತನ್ನು ಯಾರೂ ಎತ್ತುವುದಿಲ್ಲ, ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳಿಗೆ ಮದ್ದಿನ ಮರ್ಯಾದೆ ಬಾರದು. ಆದರೆ ಚರಕ ಸುಶ್ರುತರ ವೃಷ್ಯಯೋಗಗಳಲ್ಲಿ ಮಾಷವೆಂಬ ಉದ್ದು ಹಾಲು ತುಪ್ಪಗಳೊಡನೆ ಮತ್ತೆ ಮತ್ತೆ ಬರುತ್ತದೆ. ಮೊಸಳೆಯನ್ನೂ ಗುಬ್ಬಿಯನ್ನೂ ಬಿಟ್ಟ ಜೈನ ವೈದ್ಯನಿಗೆ ಉದ್ದಿನ ಉಂಡೆ ಎಂದೂ ಕೈಬಿಡಲಿಲ್ಲ.

ವ್ಯಾಧಿಕ್ಷಮತ್ವಕ್ಕೆ ಹೆಸರಾದುದು ಅಮೃತಬಳ್ಳಿ. ಕತ್ತರಿಸಿ ಗಿಡದ ಮೇಲೆ ಎಸೆದರೂ ಗಾಳಿಯಲ್ಲಿ ಬೇರುಬಿಟ್ಟು ಚಿಗುರುವ ಬಳ್ಳಿ. ತುಂಡು ಕೊಯ್ದರೆ ಗಿಡ ಸಾಯುವುದಿಲ್ಲ. ಮುಂಬಯಿಯ ವೈದ್ಯರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖನೀಯ. ಪಿತ್ತನಾಳ ಕಟ್ಟಿ ಕಾಮಾಲೆಯಾದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರೂಢಿಯ ಚಿಕಿತ್ಸೆಯೊಡನೆ ಅಮೃತಬಳ್ಳಿಯನ್ನೂ ಕೊಟ್ಟರು. ಅಮೃತಬಳ್ಳಿ ಪಡೆಯದವರಲ್ಲಿ ಅರ್ಧದಷ್ಟು ಮಂದಿಗೆ ರಕ್ತದಲ್ಲಿ ನಂಜೇರಿತು. ಪಡೆದವರಲ್ಲಿ ಒಬ್ಬರಿಗೂ ಏರಲಿಲ್ಲ. ಇಂಥ ಮೂಲಿಕೆಯೂ 2020ರ ಕೋವಿಡ್ ಕಾಲದಲ್ಲಿ ಮನೆಮನೆಯ ಕಷಾಯವಾಗಿ ಅಳತೆಯಿಲ್ಲದೆ ಬಳಕೆಗೆ ಬಂದಾಗ ಬೇರೊಂದು ಮುಖ ತೋರಿತು. ಅಮೃತಬಳ್ಳಿ ಸೇವಿಸಿದ ಆರು ಮಂದಿಗೆ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರೇ 2021ರಲ್ಲಿ ವರದಿ ಮಾಡಿದರು. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದು ಕೇಂದ್ರದ ಆಯುಷ್ ಮಂತ್ರಾಲಯ ಉತ್ತರಿಸಿತು. ದೇಹವು ತನ್ನ ಮೇಲೆಯೇ ತಿರುಗಿಬೀಳುವ ಸ್ವಭಾವದ ರೋಗವುಳ್ಳವರಲ್ಲಿ, ನಿರೋಧಶಕ್ತಿಯನ್ನು ಎಬ್ಬಿಸುವ ಮದ್ದು ಕೇಡನ್ನೇ ಎಬ್ಬಿಸಬಹುದೆಂಬ ವೈದ್ಯರ ಮಾತನ್ನು ತಳ್ಳಿಹಾಕುವಂತಿಲ್ಲ. ಅಶ್ವಗಂಧದಿಂದಲೂ ಕೆಲವರಿಗೆ ಯಕೃತ್ತು, ಥೈರಾಯ್ಡ್ ಗ್ರಂಥಿಗಳ ತೊಂದರೆಯಾದುದು ವರದಿಯಾಗಿದೆ. ಡೆನ್ಮಾರ್ಕ್ ದೇಶವು 2023ರಲ್ಲಿ ಅದನ್ನು ನಿಷೇಧಿಸಿತು. ರಸಾಯನಕ್ಕೆ ಮೊದಲು ದೇಹಶೋಧನ, ದೇಶ ಕಾಲ ವಯಸ್ಸುಗಳ ಪರೀಕ್ಷೆ, ವೈದ್ಯನ ಸಮ್ಮುಖ ಇವೆಲ್ಲ ಬೇಕೆಂದು ಹಳೆಯ ಆಚಾರ್ಯರು ವಿಧಿಸಿದುದು ಅಲಂಕಾರಕ್ಕಲ್ಲ.

ಮೂಲಿಕೆಗಳ ಈ ಚರ್ಚೆಯ ನಡುವೆ ಚರಕನದೇ ಒಂದು ಮಾತು ಸುಲಭವಾಗಿ ಮರೆತುಹೋಗುತ್ತದೆ. ಮೊಸಳೆಯ ರೇತಸ್ಸನ್ನು ಹೊಗಳಿದ ಅದೇ ಪಟ್ಟಿಯಲ್ಲಿ, ವೃಷ್ಯಗಳಲ್ಲಿ ಸಂಕಲ್ಪವು ಶ್ರೇಷ್ಠ, ಅವೃಷ್ಯಗಳಲ್ಲಿ ದೌರ್ಮನಸ್ಯವು ಅಗ್ರ ಎಂದೂ ಅವನು ಸೇರಿಸಿದ್ದಾನೆ. ಆಯುಷ್ಯವನ್ನು ಬೆಳೆಸುವುದರಲ್ಲಿ ಬ್ರಹ್ಮಚರ್ಯವೇ ಮೇಲೆಂಬ ಮಾತೂ ಅಲ್ಲಿಯೇ ಇದೆ. ರಸಾಯನಾಧ್ಯಾಯದ ಕೊನೆಯ ಪಾದದಲ್ಲಿ ಬರುವ ಆಚಾರರಸಾಯನವಂತೂ ಶ್ರಾವಕಾಚಾರದ ಒಂದು ಪುಟದಂತಿದೆ: ಸತ್ಯ ನುಡಿಯುವವನು, ಕೋಪವಿಲ್ಲದವನು, ಮದ್ಯ ಮೈಥುನಗಳಿಂದ ನಿವೃತ್ತನಾದವನು, ಹಿಂಸೆ ಮಾಡದವನು, ಪ್ರಶಾಂತನು, ಪ್ರಿಯವಾಗಿ ಮಾತನಾಡುವವನು ಯಾವ ಮದ್ದನ್ನೂ ಸೇವಿಸದೆಯೇ ರಸಾಯನದ ಫಲವನ್ನು ಪಡೆಯುತ್ತಾನೆಂದು ಅಲ್ಲಿ ಹೇಳಿದೆ. ನೃಪತುಂಗನ ಸಭೆಯಲ್ಲಿ ಎದುರುಬದುರಾಗಿ ನಿಂತ ಎರಡು ಪಕ್ಷಗಳು ಈ ಒಂದು ಎಡೆಯಲ್ಲಿ ಕೂಡುತ್ತವೆ.

ಉಗ್ರಾದಿತ್ಯರ ಗ್ರಂಥವು ಬಹುಕಾಲ ತಾಳೆಯೋಲೆಯಲ್ಲಿಯೇ ಉಳಿದಿತ್ತು. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ ಸಂಪಾದಿಸಿದ ಪ್ರತಿಯು 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಯಿತು. ಪೂಜ್ಯಪಾದರ ಮೂಲ ವೈದ್ಯಗ್ರಂಥ ಇಂದು ದೊರೆಯದು. ಜಗದ್ದಳ ಸೋಮನಾಥನ ಕನ್ನಡದಲ್ಲಿ ಅದರ ನೆರಳುಂಟು. ವೃಷ್ಯ ಮತ್ತು ದಿವ್ಯಾಮೃತಗಳನ್ನು ಹೇಳಿದ ಸಿಂಹನಾದ ಮುನೀಂದ್ರರ ಕೃತಿಗೆ ಅಂಥ ನೆರಳೂ ಉಳಿದಿಲ್ಲ. ಉಗ್ರಾದಿತ್ಯರ ಆ ಒಂದು ಶ್ಲೋಕದ ಕೊನೆಯ ಪಾದದಲ್ಲಿ ಅವರ ಹೆಸರು ಮಾತ್ರ ನಿಂತಿದೆ.